ನೆರಳು ಯಾರದು? ಸಾಂಗ್ಲಿಯ ರಂಗಭೂಮಿ, ‘ಹಯವದನ’ ಮತ್ತು ಯೂಂಗ್‌ನ ಒಂದು ಪರಿಕಲ್ಪನೆ

(ಆನ್‌ಲೈನ್ ವಿಚಾರಸಂಕಿರಣದ ಉಪನ್ಯಾಸ ಮತ್ತು ಚರ್ಚೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ.)

ಧ್ವನಿ ಸರಿಯಾಗಿ ಕೇಳ್ತಾ ಇದೆ ಅಂದುಕೊಂಡಿದ್ದೇನೆ. ನನಗೆ ಕೊಟ್ಟ ವಿಷಯ ‘ಯೂಂಗ್ ಮತ್ತು ಸಾಹಿತ್ಯ’. ಅದು ದೊಡ್ಡದಾಯಿತು ಅನ್ನಿಸಿ, ನನ್ನ ಊರಿನ ಅಳತೆಗೆ ಕತ್ತರಿಸಿಕೊಂಡಿದ್ದೇನೆ.

ನಾನು ಬೆಳೆದದ್ದು ಮಿರಜ್‌ನಲ್ಲಿ. ಮನೆಯೊಳಗೆ ಕನ್ನಡ, ಓಣಿಯಲ್ಲಿ ಮತ್ತು ಶಾಲೆಯಲ್ಲಿ ಮರಾಠಿ. ಯಾರಾದರೂ ಬಾಗಿಲು ಬಡಿದರೆ ನಮ್ಮಜ್ಜಿ ಮಾತಿನ ನಡುವೆಯೇ ಭಾಷೆ ಬದಲಿಸುತ್ತಿದ್ದಳು. ಹಾಗೆ ಮಾಡು ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ಯೂಂಗ್‌ನ ‘ನೆರಳು’ ಎಂಬ ಮಾತನ್ನು ಓದಿದಾಗೆಲ್ಲ ನನಗೆ ಮೊದಲು ನೆನಪಾಗೋದು ಆ ಬಾಗಿಲು.

1. ಪರಿಕಲ್ಪನೆ ಮತ್ತು ಪದ

ಯೂಂಗ್‌ನ ವಾದ ಗೊತ್ತಿರುವುದೇ, ಚಿಕ್ಕದಾಗಿ ಹೇಳ್ತೀನಿ. ನಾವೆಲ್ಲ ಸಮಾಜಕ್ಕೆ ತೋರಿಸಲು ಒಂದು ಮುಖವಾಡ ಇಟ್ಟುಕೊಂಡಿರುತ್ತೇವೆ. ಅದಕ್ಕೆ ಒಗ್ಗದ ಸಿಟ್ಟು, ಆಸೆ, ಹೊಟ್ಟೆಕಿಚ್ಚು, ಅಂಜಿಕೆ, ಕೆಲವೊಮ್ಮೆ ಮನೆಯವರು ಒಪ್ಪದ ಪ್ರತಿಭೆ ಕೂಡ, ಒಳಗೆ ತಳ್ಳಲ್ಪಡುತ್ತವೆ. ಹಾಗೆ ತಳ್ಳಿದ್ದೆಲ್ಲ ಸೇರಿ ನೆರಳು. ಅದು ಸಾಯುವುದಿಲ್ಲ, ಎದುರಿಗಿರುವವರ ಮುಖದ ಮೇಲೆ ಹೋಗಿ ಕೂರುತ್ತದೆ. ಇದಕ್ಕೆ ಪ್ರಕ್ಷೇಪಣ ಎನ್ನುತ್ತಾರೆ. 1951ರ ‘ಐಯಾನ್’ನಲ್ಲಿ ಯೂಂಗ್ ನೆರಳನ್ನು ಒಂದು ನೈತಿಕ ಸಮಸ್ಯೆಯಾಗಿ ನೋಡುತ್ತಾನೆ. ಅದನ್ನು ತಿಳಿದುಕೊಂಡರೆ ಸಾಲದು, ಹೊಣೆ ಹೊರಬೇಕು.

ಈಗ ‘ಶ್ಯಾಡೋ ವರ್ಕ್’ ಎಂಬ ಹೆಸರಲ್ಲಿ ದಿನಚರಿ ಪುಸ್ತಕಗಳು, ಶಿಬಿರಗಳು ಬಂದಿವೆ. ನಿಮಗೆ ಸಿಟ್ಟು ಬರಿಸುವವರ ಗುಣಗಳನ್ನು ಬರೆಯಿರಿ, ಅವು ನಿಮ್ಮಲ್ಲೂ ಇವೆಯಾ ನೋಡಿ, ಒಪ್ಪಿಕೊಳ್ಳಿ. ಅಭ್ಯಾಸ ಒಳ್ಳೆಯದೇ. ನಾನೂ ಮಾಡಿದ್ದೇನೆ, ರಾತ್ರಿ ನಿದ್ದೆ ಚೆನ್ನಾಗಿ ಬಂತು. ಆದರೆ ಒಂದು ಪ್ರಶ್ನೆ ಉಳಿಯಿತು. ನನ್ನ ನೆರಳನ್ನು ನಾನು ವಾಪಸ್ ತೆಗೆದುಕೊಂಡೆ, ಸರಿ. ಅಷ್ಟು ವರ್ಷ ಅದನ್ನು ಹೊತ್ತವರ ಗತಿ ಏನು?

ಕನ್ನಡದ ‘ನೆರಳು’ ಎಂಬ ಪದ ಇಲ್ಲಿ ನಮಗೆ ಸಹಾಯ ಮಾಡುತ್ತದೆ. ನಮ್ಮ ಬಿಸಿಲಿಗೆ ನೆರಳು ಅಂದರೆ ಆಸರೆ. ‘ದೊಡ್ಡವರ ನೆರಳಲ್ಲಿ ಬೆಳೆದವನು’ ಅಂದರೆ ಹೊಗಳಿಕೆ. ಆದರೆ ಈ ಸೀಮೆಯಲ್ಲಿ ಆ ಪದಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಪೇಶ್ವೆಗಳ ಕಾಲದಲ್ಲಿ ಸವರ್ಣೀಯರು ಬರುತ್ತಿದ್ದರೆ ಅಸ್ಪೃಶ್ಯರು ಬೀದಿಯಲ್ಲಿ ನಡೆಯುವಂತಿರಲಿಲ್ಲ, ಅವರ ನೆರಳು ಬಿದ್ದರೂ ಮೈಲಿಗೆ ಎಂದು ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಬರೆದಿದ್ದಾರೆ. ಸಾಂಗ್ಲಿ, ಮಿರಜ್ ಎರಡೂ ಪೇಶ್ವೆಗಳ ಸರದಾರರಾಗಿದ್ದ ಪಟವರ್ಧನರ ಸಂಸ್ಥಾನಗಳು. ಅಂದರೆ ಒಬ್ಬರಿಗೆ ಆಸರೆಯಾದ ನೆರಳು ಇನ್ನೊಬ್ಬರ ಮೈಗೆ ಅಂಟಿದ ಅಪರಾಧವಾಗಿತ್ತು. ಯೂಂಗ್‌ನನ್ನು ಕನ್ನಡದಲ್ಲಿ ಓದುವಾಗ ಈ ಎರಡೂ ಅರ್ಥ ಜೊತೆಗೆ ಬರಬೇಕು. ನನ್ನ ವಾದ ಇಷ್ಟೇ: ನೆರಳನ್ನು ಬರೀ ‘ನನ್ನೊಳಗಿನದು’ ಅಂತ ಓದಿದರೆ, ಅದನ್ನು ಹೊತ್ತವರು ಮತ್ತೊಮ್ಮೆ ಕಾಣೆಯಾಗುತ್ತಾರೆ.

2. ತೆರೆಯ ಹಿಂದಿನ ಮೇಳ

1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಬಂತು. ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಅದು ಎಂಬುದು ಯಕ್ಷಗಾನದ ಚರಿತ್ರಕಾರರ ಮಾತು. ಆಟ ನೋಡಿದ ಸಂಸ್ಥಾನಿಕ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ಇಂಥದ್ದು ಮರಾಠಿಯಲ್ಲೂ ಆಗಲಿ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ನವೆಂಬರ್ 5 ಇವತ್ತಿಗೂ ಮರಾಠಿ ರಂಗಭೂಮಿ ದಿನ.

ಈ ಕಥೆ ಹೇಳುವ ಧಾಟಿಯನ್ನು ಸ್ವಲ್ಪ ಗಮನಿಸಿ. ಮೇಳ ಒಂದು ವಾಕ್ಯದಲ್ಲಿ ಬಂದು ಮರುವಾಕ್ಯದಲ್ಲಿ ಹೋಗಿಬಿಡುತ್ತದೆ. ಒರಟು ಆಟವನ್ನು ಭಾವೆ ತಿದ್ದಿ ಸಂಸ್ಕರಿಸಿದರು ಎನ್ನುವುದು ರೂಢಿಯ ಮಾತು. ಆದರೆ ಭಾವೆಯವರ ನಾಟಕದಲ್ಲಿ ಉಳಿದದ್ದು ಏನೇನು? ಹಾಡೆಲ್ಲ ಸೂತ್ರಧಾರನದು, ಗದ್ಯವನ್ನು ನಟರು ಆಶುವಾಗಿ ಆಡಬೇಕು, ಮೊದಲು ಗಣಪತಿ ಮತ್ತು ಸರಸ್ವತಿ ಬರಬೇಕು, ವಿದೂಷಕ ಬೇಕು, ಆರ್ಭಟಿಸುವ ರಾಕ್ಷಸರು ಬೇಕೇ ಬೇಕು. ಒರಟು ಅಂತ ಕರೆದದ್ದೇ ಒಳಗೆ ಬಂದು ಮನೆ ಮಾಡಿದೆ. ಮುಖವಾಡ ಮತ್ತು ನೆರಳಿನ ಸಂಬಂಧಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಯಕ್ಷಗಾನದ ರಾಕ್ಷಸನನ್ನೂ ನೋಡಬೇಕು. ಇಬ್ಬರು ತೆರೆ ಹಿಡಿದಿರುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ, ಕಿರೀಟದ ತುದಿ ಕಾಣುತ್ತದೆ, ಅವನು ಪೂರ್ತಿ ಕಾಣುವುದು ತಡವಾಗಿ. ಮಕ್ಕಳು ಹೆದರುತ್ತವೆ, ಆದರೆ ಅವನಿಗಾಗಿಯೇ ನಿದ್ದೆಗೆಟ್ಟು ಕೂತಿರುತ್ತವೆ. ಊರು ತಾನು ಹೆದರುವುದಕ್ಕೆ ಒಂದು ಹೊತ್ತು, ಒಂದು ತಾಳ, ಒಂದು ಬಣ್ಣ ಕೊಟ್ಟಿದೆ. ಮುಖ್ಯವಾಗಿ, ಆ ಬಣ್ಣ ಬಳಿದುಕೊಂಡವನು ನಮ್ಮವನೇ. ಬೆಳಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಪರಿಚಯದ ಮುಖ ಹೊರಬರುತ್ತದೆ. ರಾಕ್ಷಸ ಪರಕೀಯನಲ್ಲ ಅನ್ನೋದನ್ನು ಪ್ರೇಕ್ಷಕರು ದಿನಾ ಬೆಳಗ್ಗೆ ಕಣ್ಣಾರೆ ನೋಡುತ್ತಿದ್ದರು.

ನಾವು ಕನ್ನಡದವರು ಇಷ್ಟಕ್ಕೇ ಹಿಗ್ಗುವುದು ಬೇಡ. ‘ಮರಾಠಿ ರಂಗಭೂಮಿ ನಮ್ಮ ಕೂಸು’ ಅಂತ ನಾನೂ ಮದುವೆ ಪಂಕ್ತಿಯಲ್ಲಿ ಜಂಬ ಕೊಚ್ಚಿದ್ದುಂಟು. 1870ರ ದಶಕದಲ್ಲಿ ಮರಾಠಿ ಕಂಪನಿಗಳ ಹಾವಳಿ ನೋಡಿ ನೊಂದು ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಉತ್ತರ ಕರ್ನಾಟಕದ ಕಂಪನಿ ನಾಟಕದ ಹಾಡುಗಳಿಗೆ ಮರಾಠಿ ನಾಟ್ಯಸಂಗೀತದ ಋಣ ಎಷ್ಟು ಅನ್ನೋದನ್ನು ಮೆಲ್ಲಗೆ ಹೇಳುತ್ತೇವೆ. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಎರಡೂ ಭಾಷೆಗಳು ಒಂದು ಇನ್ನೊಂದರ ಬಾಗಿಲ ಹಿಂದೆ ನಿಂತಿವೆ.

3. ಕೀಚಕ ಪರಕೀಯನಾದಾಗ

ಸಾಂಗ್ಲಿಯಲ್ಲೇ 1872ರಲ್ಲಿ ಹುಟ್ಟಿದ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ‘ಕೀಚಕವಧ’ 1907ರ ನಾಟಕ. ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನು ಕಂಡರು, 1910ರಲ್ಲಿ ಸರ್ಕಾರ ನಿಷೇಧಿಸಿತು. ರಾಜಕೀಯವಾಗಿ ಅದು ಧೈರ್ಯದ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆರಳಿನ ದೃಷ್ಟಿಯಿಂದ ಏನಾಯಿತು? ರಾಕ್ಷಸ ಈಗ ಬಣ್ಣ ಬಳಿದ ನಮ್ಮವನಲ್ಲ, ಹಡಗಿನಲ್ಲಿ ಬಂದವನು. ಸೈರಂಧ್ರಿ ಭಾರತಮಾತೆಯಾದಳು. ಮನೆಗೆಲಸದ ವೇಷದ ಒಬ್ಬ ಹೆಣ್ಣಿಗೆ, ಆಳುವ ಮನೆತನದ ಒಬ್ಬ ಗಂಡಸಿನಿಂದ, ತುಂಬಿದ ಸಭೆ ನೋಡುತ್ತಿರುವಾಗ ಆದ ಅವಮಾನ ಎಂಬ ಮೂಲ ಕಥೆ ರೂಪಕದೊಳಗೆ ಮುಚ್ಚಿಹೋಯಿತು. ಕರ್ಜನ್ ಹೋದ ಮೇಲೂ ಎಷ್ಟೋ ಮನೆಗಳಲ್ಲಿ ಆ ಕೀಚಕ ಉಳಿದೇ ಇದ್ದ.

4. ಕಪಿಲ ಯಾರ ಮಗ?

ಗಿರೀಶ ಕಾರ್ನಾಡರ ‘ಹಯವದನ’ (1971) ಅದೇ ಭಾಗವತ, ಅದೇ ತೆರೆಯನ್ನು ಆಧುನಿಕ ರಂಗಕ್ಕೆ ತಂದ ನಾಟಕ. ವಿಜಯಾ ಮೆಹ್ತಾ ಅದನ್ನು ಮರಾಠಿಯಲ್ಲೂ ಆಡಿಸಿದರು. ಹಾಗಾಗಿ ಕನ್ನಡದ ಭಾಗವತ ಮರಾಠಿ ರಂಗಕ್ಕೆ ಎರಡನೇ ಸಲ ಬಂದಂತಾಯಿತು. ಈ ನಾಟಕದ ಬಗ್ಗೆ ಯೂಂಗ್ ಹಿಡಿದು ಬರೆದ ಪ್ರಬಂಧಗಳಲ್ಲಿ ಒಂದು ಸೂತ್ರ ಮತ್ತೆ ಮತ್ತೆ ಕಾಣುತ್ತದೆ: ದೇವದತ್ತ ಬುದ್ಧಿ, ಕಪಿಲ ಅವನ ನೆರಳು, ಪದ್ಮಿನಿ ಪೂರ್ಣತೆಯ ಹುಡುಕಾಟ. ನಾನೂ ಹೀಗೇ ಪಾಠ ಮಾಡಿದವನು.

ಈ ಸೂತ್ರದಲ್ಲಿ ಬಿಟ್ಟುಹೋದದ್ದು ಒಂದೇ ಸಂಗತಿ. ದೇವದತ್ತ ಬ್ರಾಹ್ಮಣ ವಿದ್ಯಾಸಾಗರನ ಮಗ. ಕಪಿಲ ಕಮ್ಮಾರ ಲೋಹಿತನ ಮಗ. ಬುದ್ಧಿ ಮತ್ತು ದೇಹ ಬೇರೆಯಾದದ್ದು ಕಾಳಿಯ ಗುಡಿಯಲ್ಲಲ್ಲ, ಅವರಿಬ್ಬರೂ ಹುಟ್ಟಿದ ಮನೆಗಳಲ್ಲಿ. ತಲೆಯೇ ಶ್ರೇಷ್ಠ, ಆದ್ದರಿಂದ ದೇವದತ್ತನ ತಲೆ ಇರುವವನೇ ಗಂಡ ಎಂದು ಋಷಿ ತೀರ್ಪು ಕೊಡುತ್ತಾನೆ. ಅದನ್ನು ಕೇಳಿದಾಗ ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲ. ಯಾಕೆಂದರೆ ಸಮಾಜವನ್ನು ಮೈಯ ಅಂಗಾಂಗಗಳಾಗಿ ಹಂಚಿ, ತಲೆಯನ್ನು ಮೇಲಿಟ್ಟ ತರ್ಕ ನಮಗೆ ರೂಢಿಯಾಗಿದೆ.

ಆದರೆ ನಾಟಕ ಋಷಿಯ ತೀರ್ಪಿಗೆ ನಿಲ್ಲುವುದಿಲ್ಲ. ಕಾಡಿನಲ್ಲಿರುವ ಕಪಿಲನಿಗೆ ತನ್ನದಲ್ಲದ ಮೈ ಹೊತ್ತು ತಂದ ನೆನಪುಗಳು ಕಾಡುತ್ತವೆ. ತಲೆಗೆ ಗುರುತಿಲ್ಲದ ಸ್ಪರ್ಶಗಳು ಚರ್ಮಕ್ಕೆ ಗೊತ್ತು. ನನ್ನ ದೃಷ್ಟಿಯಲ್ಲಿ ನೆರಳು ಇರುವುದು ಇಲ್ಲಿ. ಇನ್ನು ಪದ್ಮಿನಿ. ತಲೆ ಅದಲುಬದಲಾದದ್ದರ ಹಿಂದೆ ತನ್ನ ಆಸೆ ಇದೆ ಎಂದು ಒಳಗೊಳಗೇ ಅರಿತವಳು ಅವಳೊಬ್ಬಳೇ. ಆ ಅರಿವಿನ ಬೆಲೆಯೂ ಅವಳದೇ: ಗಂಡಸರಿಬ್ಬರೂ ಪರಸ್ಪರ ಕೊಂದುಕೊಂಡು ಸಾಯುತ್ತಾರೆ, ಅವಳು ಚಿತೆ ಏರುತ್ತಾಳೆ. ‘ಪೂರ್ಣತೆ’ ಎಂಬ ಓದು ಆ ಬೆಂಕಿಯ ಮುಂದೆ ತಡವರಿಸಬೇಕು. ಹೋಗುವ ಮುಂಚೆ ಅವಳು ಮಗುವಿನ ವಿಷಯ ಹೇಳಿ ಹೋಗುತ್ತಾಳೆ: ಮೊದಲು ಬೇಡರ ಬಳಿ ಕಪಿಲನ ಮಗನಾಗಿ ಬೆಳೆಯಲಿ, ಐದು ವರ್ಷವಾದಾಗ ವಿದ್ಯಾಸಾಗರನ ಮನೆಗೆ ದೇವದತ್ತನ ಮಗನಾಗಿ ಹೋಗಲಿ. ಒಂದು ಮಗುವಿಗೆ ಎರಡು ಮನೆತನ. ನಾಟಕದಲ್ಲಿ ನಿಜವಾದ ಜೋಡಣೆ ಇರೋದು ಈ ವ್ಯವಸ್ಥೆಯಲ್ಲಿ, ಧ್ಯಾನದಲ್ಲಿ ಅಲ್ಲ.

5. ಮಿರಜ್‌ನ ಕೈಗಳು

ಕೊನೆಗೆ ನಮ್ಮ ಓಣಿಗೆ ಬರ್ತೀನಿ. ಮಿರಜ್‌ನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅವನ್ನು ಮಾಡುವ ಮನೆತನಗಳ ಹಿರಿಯರು ಶಿಕಲಗಾರರು, ಕತ್ತಿ ಸಾಣೆ ಹಿಡಿಯುತ್ತಿದ್ದವರು. ಆಯುಧಕ್ಕೆ ಬೇಡಿಕೆ ಕುಸಿದ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಫರೀದ್‌ಸಾಹೇಬರು ವಾದ್ಯಗಳ ಕಡೆ ತಿರುಗಿದರು. ಕಬ್ಬಿಣ ಪಳಗಿಸಿದ ಕೈ ಸೋರೆಬುರುಡೆಗೆ ಸ್ವರ ಕೂರಿಸಿತು.

ನಾನು ಆ ಅಂಗಡಿಗಳ ಮುಂದೆಯೇ ಶಾಲೆಗೆ ಹೋಗುತ್ತಿದ್ದೆ. ಅಬ್ದುಲ್ ಕರೀಂ ಖಾನ್‌ರ ಕಿರಾನಾ ಗಾಯಕಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವುದನ್ನು ಕಲಿತೆ. ಆ ಗಾಯನಕ್ಕೆ ಶ್ರುತಿ ಕೊಡುವ ತಂಬೂರಿ ಮಾಡಿದವರು ಯಾರು ಅಂತ ಒಮ್ಮೆಯೂ ಕೇಳಲಿಲ್ಲ. ಅಜ್ಜಿ ಕನ್ನಡ ಬಚ್ಚಿಟ್ಟಳು ಎಂಬ ನೋವು ನನಗಿತ್ತು. ನಾನೇ ಕಾಣದೆ ದಾಟಿ ಬಂದವರ ಬಗ್ಗೆ ಅಂಥ ನೋವು ಇರಲಿಲ್ಲ. ನನ್ನ ನೆರಳಿನ ಪಟ್ಟಿಯನ್ನು ಈಗ ಅಲ್ಲಿಂದ ಶುರು ಮಾಡಬೇಕು ಅನ್ನಿಸಿದೆ.

ಚರ್ಚೆಯಿಂದ

*ಪ್ರಶ್ನೆ:* ಸರ್, ಅರಿಷಡ್ವರ್ಗದ ಕಲ್ಪನೆ ನಮ್ಮಲ್ಲೇ ಇದೆಯಲ್ಲ. ಮತ್ತೆ ಯೂಂಗ್ ಯಾಕೆ ಬೇಕು?

*ಉತ್ತರ:* ಒಳ್ಳೆ ಪ್ರಶ್ನೆ ಮೇಡಂ. ಅರಿ ಅಂದರೆ ಶತ್ರು, ಗೆಲ್ಲಬೇಕಾದದ್ದು. ಯೂಂಗ್ ಹೇಳೋದು ಪರಿಚಯ ಮಾಡಿಕೊಳ್ಳಬೇಕಾದದ್ದು ಅಂತ. ವ್ಯತ್ಯಾಸ ಅಲ್ಲಿದೆ. 1937ರ ಕೊನೆಯಲ್ಲಿ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕಾಗಿ ಅವನು ಭಾರತಕ್ಕೆ ಬಂದಿದ್ದ. ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ದೀರ್ಘವಾಗಿ ಮಾತಾಡಿದ್ದನ್ನು ಆತ್ಮಕಥನದಲ್ಲಿ ನೆನೆಯುತ್ತಾನೆ. ದ್ವಂದ್ವ ಮೀರುವ ನಮ್ಮ ಆದರ್ಶ ಅವನಿಗೆ ಒಪ್ಪಿಗೆಯಾಗಲಿಲ್ಲ. ಹಾದು ಬಾರದೇ ಇದ್ದದ್ದರಿಂದ ಬಿಡುಗಡೆ ಪಡೆಯೋಕೆ ಆಗಲ್ಲ ಅನ್ನೋದು ಅವನ ತಕರಾರು. ನನಗೆ ಆ ತಕರಾರು ಬೇಕು. ಜಾತಿಯನ್ನು ‘ನಾನು ಮೀರಿದ್ದೇನೆ’ ಅಂತ ಹೇಳುವವರಿಗೆ, ನನ್ನನ್ನೂ ಸೇರಿಸಿ, ಮತ್ತೆ ಮತ್ತೆ ಕೇಳಬೇಕಾದ ಪ್ರಶ್ನೆ ಅದು. ಸಮಯ ಮುಗಿದಿದೆ ಅಂತ ಅಧ್ಯಕ್ಷರು ಸೂಚಿಸ್ತಾ ಇದ್ದಾರೆ.