ಮಲ್ಪೆಯ ದ್ವೀಪವೂ ನಗರಗೆರೆಯ ಮಕ್ಕಳೂ

ಡಿಸೆಂಬರ್ ಬಂತೆಂದರೆ ಗೌರಿಬಿದನೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಟೂರಿನದೇ ಮಾತು. ನಗರಗೆರೆ ಹೋಬಳಿಯ ಕಡೆಯಿಂದ ಹೊರಡುವ ಬಸ್ಸುಗಳಿಗೂ ದಾರಿ ಹೆಚ್ಚುಕಡಿಮೆ ಗೊತ್ತಾದದ್ದೇ: ಶ್ರವಣಬೆಳಗೊಳ, ಬೇಲೂರು, ಹಳೇಬೀಡು, ಧರ್ಮಸ್ಥಳ, ಉಡುಪಿ, ಆಮೇಲೆ ಕೊಲ್ಲೂರು, ಮುರುಡೇಶ್ವರ. ಉಡುಪಿಯಲ್ಲಿ ದರ್ಶನ, ಊಟ ಮುಗಿದು ಹೊತ್ತು ಮಿಕ್ಕಿದರೆ ಮಲ್ಪೆ. ಮಲ್ಪೆಯಲ್ಲಿ ಹೊತ್ತೂ ದುಡ್ಡೂ ಮಿಕ್ಕಿದರೆ ಸೇಂಟ್ ಮೇರೀಸ್ ದ್ವೀಪ. ನಮ್ಮ ಶಾಲಾ ಪ್ರವಾಸಗಳು ಈ ದ್ವೀಪಕ್ಕೆ ಕೊಟ್ಟಿರುವ ಜಾಗ ಇದು. ಸಮುದ್ರವನ್ನೇ ಕಾಣದ ಸೀಮೆಯಿಂದ 400 ಕಿಲೋಮೀಟರಿಗೂ ಹೆಚ್ಚು ದೂರ ಮಕ್ಕಳನ್ನು ಕರೆದೊಯ್ದು, ಅಲ್ಲಿ ಸಿಗುವ ಅತ್ಯುತ್ತಮ ಪಾಠವನ್ನು ಪಟ್ಟಿಯ ಕೊನೆಗೆ ತಳ್ಳುವ ಈ ಕ್ರಮ ತಪ್ಪು ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ.

ದ್ವೀಪ ತೀರಾ ಚಿಕ್ಕದು. ಅತಿ ಎತ್ತರದ ಜಾಗವೂ ಕಡಲಿಗಿಂತ ಸುಮಾರು ಹತ್ತು ಮೀಟರ್ ಮೇಲಿದ್ದೀತು, ಅಷ್ಟೆ. ಜನವಸತಿಯಿಲ್ಲ. ತೆಂಗಿನ ಮರ, ಚಿಪ್ಪು ಹಾಸಿದ ದಡ, ನೀಲಿ ನೀರು ಕರಾವಳಿಯ ಬೇರೆಡೆಯೂ ಸಿಕ್ಕಾವು. ಬೇರೆಡೆ ಸಿಗದಿರುವುದು ಇಲ್ಲಿನ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಕಳಚಿಕೊಳ್ಳುತ್ತಿದ್ದ ಕಾಲದಲ್ಲಿ, ನೆಲದೊಳಗಿಂದ ಉಕ್ಕಿದ ಲಾವಾ ಇಲ್ಲಿ ಆರಿ ಗಟ್ಟಿಯಾಯಿತು. ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬಿರುಕುಗಳು ಒಳಕ್ಕಿಳಿದಂತೆ ಐದು, ಆರು, ಏಳು ಮುಖದ ಕಂಬಗಳು ಒತ್ತೊತ್ತಾಗಿ ನಿಂತವು. ಬೇಸಿಗೆಯಲ್ಲಿ ನೀರು ಬತ್ತಿದ ನಮ್ಮ ಕೆರೆಯ ಅಂಗಳದಲ್ಲಿ ಕೆಸರು ಒಣಗಿ ಬಿಲ್ಲೆಬಿಲ್ಲೆಯಾಗಿ ಒಡೆಯುವುದನ್ನು ಕಂಡ ಮಗುವಿಗೆ ಇದನ್ನು ವಿವರಿಸಲು ಪುಸ್ತಕವೇ ಬೇಡ. ಕೆರೆಯಲ್ಲಿ ಕುಗ್ಗುವುದು ನೀರು ಆರಿದ ಮಣ್ಣು, ಇಲ್ಲಿ ಕುಗ್ಗಿದ್ದು ಬಿಸಿ ಆರಿದ ಕಲ್ಲು. ಕೆರೆಗಳು ಬತ್ತುವ ಊರಿನ ಮಕ್ಕಳು ಈ ದ್ವೀಪವನ್ನು ಕರಾವಳಿಯ ಮಕ್ಕಳಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು ಎಂದು ನಾನು ನಂಬಿದ್ದೇನೆ.

ಆದರೆ ಅಲ್ಲಿ ನಡೆಯುವುದೇನು? ಮಲ್ಪೆ ಬಂದರಿನಿಂದ ದೊಡ್ಡ ಬೋಟು, ಅರ್ಧ ಗಂಟೆಯೊಳಗಿನ ಪಯಣ, ಬೋಟಿನಲ್ಲಿ ಜೋರು ಹಾಡು. ಸುತ್ತ ಬಂಡೆ, ಆಳ ಕಡಿಮೆ, ಹಾಗಾಗಿ ದ್ವೀಪದ ಬಳಿ ಸಣ್ಣ ದೋಣಿಗೆ ಇಳಿಸಿ ದಡ ಮುಟ್ಟಿಸುವುದು ರೂಢಿ. ಇಲ್ಲಿಯವರೆಗಿನ ವ್ಯವಸ್ಥೆಯನ್ನು ಮೆಚ್ಚಲೇಬೇಕು. ದೋಣಿಯವರಿಗೆ ಆ ನೀರಿನ ಗುಣ ಗೊತ್ತು. ಮಳೆಗಾಲ ಹಿಡಿದರೆ ಓಡಾಟವನ್ನೇ ನಿಲ್ಲಿಸಿಬಿಡುತ್ತಾರೆ. ದಡಕ್ಕಿಳಿದ ಮೇಲಿನದೇ ನನ್ನ ತಕರಾರು. ಮೇಷ್ಟ್ರು “ಒಂದು ಗಂಟೆ, ಎಲ್ಲರೂ ಇಲ್ಲಿಗೇ ಬರಬೇಕು” ಅನ್ನುತ್ತಾರೆ. ಮಕ್ಕಳು ಇಳಿದ ಜಾಗದಲ್ಲೇ ಫೋಟೊ ತೆಗೆದುಕೊಳ್ಳುತ್ತಾರೆ, ಚಿಪ್ಪು ಆರಿಸುತ್ತಾರೆ, ಐಸ್‌ಕ್ರೀಮ್ ತಿನ್ನುತ್ತಾರೆ. ಕಂಬಗಳ ಮೇಲೆ ಹತ್ತಿ ಕುಣಿದರೂ ಕಾಲಡಿಯಲ್ಲಿರುವುದು ಏನೆಂದು ಕೇಳುವವರಿಲ್ಲ. ಯಾರಾದರೂ ಕಥೆ ಹೇಳಿದರೆ ಅದು 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ದ್ವೀಪಕ್ಕೆ ಹೆಸರಿಟ್ಟನೆಂಬ ಐತಿಹ್ಯ. ಕೋಟಿಗಟ್ಟಲೆ ವರ್ಷದ ಕಲ್ಲಿನ ಮೇಲೆ ನಿಂತು ಐನೂರು ಚಿಲ್ಲರೆ ವರ್ಷದ ಕಥೆಯೊಂದನ್ನೇ ಕೇಳಿಸಿಕೊಂಡು ಬರುವುದು ನಷ್ಟ.

ಇನ್ನೊಂದು ಮಾತನ್ನು ಹೇಳದಿರಲಾರೆ. ಎಷ್ಟೋ ಪ್ರವಾಸಗಳಲ್ಲಿ ಬೋಟಿನ ಟಿಕೆಟ್ಟು ಟೂರಿನ ದುಡ್ಡಿನಲ್ಲಿ ಸೇರಿರುವುದಿಲ್ಲ, “ಹೋಗೋರು ಬೇರೆ ಕೊಡಿ” ಎಂಬ ಲೆಕ್ಕ. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಟೂರಿನ ದುಡ್ಡನ್ನೇ ಸಾಲ ಮಾಡಿ ಕೊಟ್ಟ ಮನೆಯ ಹುಡುಗಿ ದಡದಲ್ಲಿ ಬ್ಯಾಗು ಕಾಯುತ್ತ ಕೂರಬೇಕಾಗುತ್ತದೆ. ಪ್ರವಾಸಕ್ಕೆ ಶೈಕ್ಷಣಿಕ ಎಂಬ ಹೆಸರಿದ್ದ ಮೇಲೆ ಹೀಗೆ ಮಕ್ಕಳನ್ನು ಎರಡು ಪಾಲು ಮಾಡುವುದನ್ನು ನಾನು ಒಪ್ಪಲಾರೆ.

ಭಯದ ಮಾತೂ ಇದೆ, ಅದು ಸುಳ್ಳು ಭಯವಲ್ಲ. 2024ರ ಡಿಸೆಂಬರ್‌ನಲ್ಲಿ ನಮ್ಮ ನೆರೆಯ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಹೋದ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಸೇಂಟ್ ಮೇರೀಸ್‌ನಲ್ಲೂ ಬಂಡೆಯಿಂದ ಕಡಲಿಗೆ ಬಿದ್ದು ಪ್ರಾಣ ಬಿಟ್ಟವರಿದ್ದಾರೆ. ಆದ್ದರಿಂದ ಕಡಲೇ ಬೇಡ ಎನ್ನುವ ತಂದೆತಾಯಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೂ ಬಾವಿ, ಕೆರೆ ಬಿಟ್ಟರೆ ಬೇರೆ ನೀರು ಕಾಣದ ಮಕ್ಕಳಿಗೆ ಅಲೆ ಹಿಂದಕ್ಕೆ ಎಳೆಯುತ್ತದೆ ಎಂಬುದನ್ನು, ಪಾಚಿ ಹಿಡಿದ ಬಂಡೆ ಜಾರುತ್ತದೆ ಎಂಬುದನ್ನು ಹೊರಡುವ ಮೊದಲೇ ಕೂರಿಸಿ ಹೇಳುವುದು ಮೇಷ್ಟ್ರ ಕೆಲಸ. ದಣಿದ ಮಕ್ಕಳನ್ನು ಮುಸ್ಸಂಜೆಯಲ್ಲಿ ತೆರೆದ ಬೀಚಿಗೆ ಬಿಡುವುದಕ್ಕಿಂತ ಬೆಳಗಿನ ಬೆಳಕಿನಲ್ಲಿ, ಲೈಫ್ ಜಾಕೆಟ್ ಹಾಕಿಸಿ, ನೀರಿಗಿಳಿಯುವಂತಿಲ್ಲ ಎಂಬ ಕಟ್ಟಳೆಯೊಂದಿಗೆ ದ್ವೀಪ ಸುತ್ತಿಸುವುದು ಮೇಲು.

ಈ ದ್ವೀಪದ ಕಂಬಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಲಾಲ್‌ಬಾಗಿನ ಬಂಡೆ, ಕೋಲಾರ ಜಿಲ್ಲೆಯ ಪೆದ್ದಪಲ್ಲಿಯ ಲಾವಾ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಇವೂ ಅದೇ ಪಟ್ಟಿಯಲ್ಲಿವೆ. ಮೊದಲಿನ ಎರಡು ನಮಗೆ ಹತ್ತಿರದವು. ಟೂರಿಗೆ ಮುಂಚೆ ಒಂದು ದಿನ ಲಾಲ್‌ಬಾಗಿಗೆ ಹೋಗಿಬಂದರೆ ದ್ವೀಪದ ಅರ್ಥವೇ ಬೇರೆಯಾಗುತ್ತದೆ. ಅಷ್ಟೇಕೆ, ನಂದಿಬೆಟ್ಟದ ಸೀಮೆಯ ಗ್ರಾನೈಟ್, ನೈಸ್ ಕಲ್ಲುಗಳು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಿಂದಿನವು. ದ್ವೀಪದ ಕಲ್ಲು ಅವುಗಳ ಎದುರು ಎಳೆಯದು. ನಮ್ಮ ಬೆಟ್ಟದ ಕಲ್ಲು ಅದಕ್ಕಿಂತ ಸುಮಾರು ಇಪ್ಪತ್ತೆಂಟು ಪಟ್ಟು ಹಳೆಯದು. ಭೂಕಂಪದ ಅಲೆಗಳನ್ನು ಅಳೆಯುವ ಭಾಭಾ ಅಣು ಸಂಶೋಧನಾ ಕೇಂದ್ರದ ಉಪಕರಣಗಳು 1960ರ ದಶಕದಿಂದ ಗೌರಿಬಿದನೂರಿನಲ್ಲಿರುವುದು ಈ ಗಟ್ಟಿ ನೆಲದ ಮೇಲೆಯೇ. ಇದನ್ನು ಮಕ್ಕಳಿಗೆ ಹೇಳಿದವರು ಯಾರು? ಯಾವುದನ್ನೂ ಕೇಳದೆ ಒಪ್ಪಬಾರದೆಂದು ಜೀವನವಿಡೀ ಸಾರಿದ ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನವರು, ಭೌತಶಾಸ್ತ್ರದ ಮೇಷ್ಟ್ರು. ಅವರ ತಾಲ್ಲೂಕಿನ ಮಕ್ಕಳು ಆ ಕಂಬಗಳ ಎದುರು ಒಂದು ಪ್ರಶ್ನೆಯನ್ನೂ ಕೇಳದೆ ಬರುವುದು ನನಗೆ ಸಂಕಟ ತರುತ್ತದೆ.

ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಪಟ್ಟಿಯಿಂದ ಎರಡು ಜಾಗ ಕೈಬಿಟ್ಟು ಮಲ್ಪೆಯ ಮೊದಲ ಬೋಟು ಹಿಡಿಯಲಿ, ಟಿಕೆಟ್ಟನ್ನು ಟೂರಿನ ದುಡ್ಡಿಗೇ ಸೇರಿಸಲಿ. ದ್ವೀಪದ ಮೇಲೆ ಮೂರು ಗಂಟೆಯಾದರೂ ಇರಲಿ: ಮೊದಲು ನಡಿಗೆ, ಆಮೇಲೆ ಆಟ. ಪ್ರತಿ ಮಗುವೂ ಒಂದೊಂದು ಕಂಬ ಆರಿಸಿಕೊಂಡು ಮುಖ ಎಣಿಸಲಿ, ಚಿತ್ರ ಬರೆಯಲಿ, ಆರು ಮುಖದವು ಎಷ್ಟು, ಐದು ಮುಖದವು ಎಷ್ಟು ಎಂದು ಒಟ್ಟಾಗಿ ಲೆಕ್ಕ ಹಾಕಲಿ. ಆ ಲೆಕ್ಕದ ಹಾಳೆಯನ್ನು ಊರಿಗೆ ತಂದು, ಮಾರ್ಚಿನಲ್ಲಿ ಕೆರೆ ಬತ್ತಿದಾಗ ಅಂಗಳದ ಬಿರುಕುಗಳನ್ನೂ ಹಾಗೇ ಎಣಿಸಿ ಪಕ್ಕದಲ್ಲಿ ಬರೆಯಲಿ.