ಪಾರಿಜಾತದ ಭಾಮೆ: ದನಿ ಮತ್ತು ನಡೆ

ನಟನ ಕಂಠವೂ ಚಲನೆಯೂ ಪಾತ್ರದ ಅಂತರಂಗವನ್ನು ಎಷ್ಟರಮಟ್ಟಿಗೆ ತೋರಬಲ್ಲವೆಂಬುದನ್ನು ಅರಿಯಬೇಕಾದರೆ, ದೃಶ್ಯಪರಿಕರಗಳ ನೆರವು ಅತ್ಯಲ್ಪವಾದ ರಂಗವನ್ನೇ ನೋಡಬೇಕು. ಆಲಮೇಲ, ಸಿಂದಗಿ, ಇಂಡಿಗಳ ರಸಿಕರಿಗೆ ಪರಿಚಿತವಾದ ಶ್ರೀಕೃಷ್ಣ ಪಾರಿಜಾತವು ಅಂತಹುದು. ಅಪರಾಳ ತಮ್ಮಣ್ಣನ ಕೃತಿಯು ಕುಲಗೋಡ ತಮ್ಮಣ್ಣನಿಂದ ಬಯಲಾಟದ ರೂಪವನ್ನು ತಳೆದು, ಕೌಜಲಗಿ ನಿಂಗಮ್ಮನಂತಹ ಪ್ರತಿಭಾವಂತೆಯರಿಂದ ಉತ್ತರ ಕರ್ನಾಟಕದಲ್ಲಿ ಮನೆಮಾತಾಯಿತು. ಕಥೆ ಕಿರಿದು: ನಾರದನು ತಂದ ಪುಷ್ಪವು ರುಕ್ಮಿಣಿಗೆ ಸಂದಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಆಟದ ಸಾರವೆಲ್ಲ ಆ ಮುನಿಸಿನಲ್ಲಿಯೇ ಅಡಗಿದೆ.

ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿದನಷ್ಟೆ. ಪಾರಿಜಾತದ ಭಾಗವತನಲ್ಲಿ ಮೊದಲೆರಡರ ಶಕ್ತಿ ಪ್ರತ್ಯಕ್ಷವಾಗುತ್ತದೆ. ಕೃಷ್ಣನೊಡನೆ ಸಲಿಗೆಯಿಂದ ಹರಟುತ್ತಿದ್ದ ಅವನೇ, ಹೆಗಲ ವಸ್ತ್ರವನ್ನು ತಲೆಯ ಮೇಲೆ ಸೆರಗಾಗಿ ಎಳೆದುಕೊಂಡು, ಹೆಜ್ಜೆಯನ್ನು ಕಿರಿದುಗೊಳಿಸಿ, ದನಿಯನ್ನು ನಯಗೊಳಿಸಿ, ನೋಡುನೋಡುತ್ತಿರುವಂತೆಯೇ ಭಾಮೆಯ ದೂತಿಯಾಗುತ್ತಾನೆ. ಮೀಸೆ ಹಾಗೆಯೇ ಇರುತ್ತದೆ. ಆದರೂ ಸಭೆ ಅವನನ್ನು ಹೆಣ್ಣೆಂದೇ ಒಪ್ಪುತ್ತದೆ.

ಭಾಮೆಯ ಪಾತ್ರವು ಇದಕ್ಕಿಂತ ಕಠಿಣವಾದುದು. ಗರ್ವಿತೆಯಾಗಿ ಬರುವಾಗ ಅವಳ ನಡೆಯಲ್ಲಿ ಅವಸರವಿರದು. ರಂಗವೆಲ್ಲ ತನ್ನದೆಂಬ ನೆಮ್ಮದಿ ಹೆಜ್ಜೆಹೆಜ್ಜೆಗೂ ಕಾಣಬೇಕು. ಪುಷ್ಪದ ವಾರ್ತೆ ಕಿವಿಗೆ ಬಿದ್ದೊಡನೆ ಅರಚುವವಳು ಕೋಪವನ್ನು ಮಾತ್ರ ತೋರಿಸುತ್ತಾಳೆ. ಪುಷ್ಪ ಯಾರಿಗೆ ಸಂದಿತೆಂಬ ಪ್ರಶ್ನೆಯನ್ನು ದೂತಿಗೆ ಮತ್ತೊಮ್ಮೆ ತಗ್ಗಿದ ದನಿಯಲ್ಲಿ ಕೇಳಿ, ಉತ್ತರ ಬರುವ ಮುನ್ನವೇ ಮುಖ ತಿರುಗಿಸುವವಳಾದರೋ ಕೋಪದ ಬುಡದಲ್ಲಿರುವ ಪ್ರೀತಿಯನ್ನೂ ಭೀತಿಯನ್ನೂ ಕಾಣಿಸುತ್ತಾಳೆ. ಮತ್ಸರವು ಪ್ರೀತಿಯ ನೋವೆಂಬುದನ್ನು ಅರಿತ ಕಂಠಕ್ಕೆ ಮಾತ್ರ ಈ ಇಳಿತ ಸಾಧ್ಯ.

ಪದ ಮುಗಿದು, ಹಾರ್ಮೋನಿಯಂ ತಬಲಗಳು ನಿಂತು, ಮಾತು ಮೊದಲಾಗುವ ಸಂಧಿಯೇ ನಟಿಯ ನಿಜವಾದ ಪರೀಕ್ಷೆ. ಇಂಪಾಗಿ ಹಾಡಿ, ಮಾತಿಗಿಳಿದೊಡನೆ ಕಂಠಪಾಠವನ್ನು ಒಪ್ಪಿಸುವವರು ಬಹುಮಂದಿ. ಅವರಲ್ಲಿ ಹಾಡಿದ ಭಾಮೆ ಬೇರೆ, ಮಾತಾಡಿದ ಭಾಮೆ ಬೇರೆ. ರಾಗದಲ್ಲಿ ಹುಟ್ಟಿದ ಭಾವವು ಮಾತಿನ ಏರಿಳಿತದಲ್ಲಿಯೂ, ಮಾತು ನಿಂತಾಗ ನಿಲುವಿನಲ್ಲಿಯೂ ಮುಂದುವರಿದರೆ ಮಾತ್ರ ಪಾತ್ರ ಅಖಂಡವಾದೀತು.

ಧ್ವನಿವರ್ಧಕವು ಬಯಲಿನ ಕಟ್ಟಕಡೆಯ ಪ್ರೇಕ್ಷಕನಿಗೂ ಪದವನ್ನು ಮುಟ್ಟಿಸಿದೆ. ಈ ಉಪಕಾರವನ್ನು ಮರೆಯಲಾಗದು. ಆದರೆ ರಂಗಮಧ್ಯದಲ್ಲಿ ಒಂದೇ ಮೈಕನ್ನು ನಿಲ್ಲಿಸಿದಲ್ಲಿ ನಟರ ಕಾಲು ಅದಕ್ಕೆ ಕಟ್ಟುಬೀಳುತ್ತದೆ: ಭಾಮೆ ಮುನಿದು ಹೊರಳಿ ನಡೆಯಲಾರಳು, ಕೃಷ್ಣನು ಅವಳನ್ನು ಹಿಂಬಾಲಿಸಲಾರನು. ದನಿಗೆ ಮೈಕಿನಿಂದಲೇ ಬಲ ಒದಗಿರುವಾಗ ಅರಚುವ ಅಗತ್ಯವೇ ಇಲ್ಲವಾದರೂ, ಪೂರ್ವದ ಅಭ್ಯಾಸಬಲದಿಂದ ಅರಚಾಟವೂ ಉಳಿದಿದೆ. ಮೈಕನ್ನು ಮೇಲಕ್ಕೆ ತೂಗಿಬಿಟ್ಟು ರಂಗವನ್ನು ತೆರವುಗೊಳಿಸುವುದು ಸುಲಭ; ನಟರನ್ನು ತಿದ್ದುವುದು ಶ್ರಮದ ಕೆಲಸ. ಪದ ಕಲಿಸುವ ಗುರುಗಳು ನಡೆಯನ್ನೂ ನಿಲುವನ್ನೂ ಮೌನವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸಲಿ. ಏಕೆಂದರೆ ಹಾಡನ್ನು ಧ್ವನಿಮುದ್ರಿಕೆಯಲ್ಲಿಯೂ ಕೇಳಬಹುದು. ಭಾಮೆಯನ್ನು ಕಾಣಲೆಂದೇ ಜನ ಬಯಲಿಗೆ ಬರುತ್ತಾರೆ.