ಬಿಟ್ಟವರ ಪಟ್ಟಿ

ಆರ್‌ಸಿಬಿ ಸೋತ ಮಾರನೆಯ ಬೆಳಿಗ್ಗೆ ಮಂಡ್ಯ ಸೀಮೆಯ ಹೋಟೆಲುಗಳಲ್ಲಿ ಸ್ಕೋರಿನ ಮಾತು ಹೆಚ್ಚು ಹೊತ್ತು ನಡೆಯುವುದಿಲ್ಲ. ಯಾರು ಔಟಾದರು, ಯಾರು ಕ್ಯಾಚ್ ಬಿಟ್ಟರು ಎಂಬುದೆಲ್ಲ ಮೊದಲ ಲೋಟ ಕಾಫಿಗೇ ಮುಗಿದುಹೋಗುತ್ತದೆ. ಆಮೇಲೆ ಶುರುವಾಗುವುದು ವ್ಯಾಪಾರ. ಇವನನ್ನು ಬಿಡಬೇಕಿತ್ತು, ಅವನನ್ನು ಉಳಿಸಿಕೊಳ್ಳಬೇಕಿತ್ತು, ಮುಂಬೈಯಿಂದ ಇನ್ನೊಬ್ಬನನ್ನು ಎಬ್ಬಿಸಿಕೊಂಡು ಬರಬೇಕಿತ್ತು. ಮದ್ದೂರಿನಲ್ಲಿ ವಡೆ ಮುರಿಯುತ್ತಲೇ ಹದಿನೇಳು ಕೋಟಿಯ ಲೆಕ್ಕ ತೀರುತ್ತದೆ. ಮಳವಳ್ಳಿ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ “ಅವನ್ನ ಯಾಕ್ಲಾ ಬುಟ್ರು?” ಎಂದು ಒಬ್ಬ ಕೇಳಿದರೆ ಸಾಕು, 2008ರಿಂದ ಹಿಡಿದು ಇಲ್ಲಿಯವರೆಗಿನ ದೂರುಗಳೆಲ್ಲ ಸಾಲಾಗಿ ಎದ್ದು ಬರುತ್ತವೆ.

ಟ್ರೇಡ್ ಎಂದರೇನೆಂದು ಈ ಜಿಲ್ಲೆಗೆ ಬಿಡಿಸಿ ಹೇಳಬೇಕಾದ್ದಿಲ್ಲ. 2019ರಲ್ಲಿ ಪಕ್ಷೇತರರಾಗಿ ಗೆದ್ದ ಸುಮಲತಾ ಅಂಬರೀಶ್ 2024ರಲ್ಲಿ ಬಿಜೆಪಿ ಸೇರಿದ್ದನ್ನೂ, ಕೆ.ಆರ್. ಪೇಟೆಯ ಜೆಡಿಎಸ್ ಶಾಸಕರು ಬಿಜೆಪಿಗೆ ಹೋಗಿ ಅದೇ 2019ರ ಉಪಚುನಾವಣೆಯಲ್ಲಿ ಮತ್ತೆ ಗೆದ್ದದ್ದನ್ನೂ ಕಂಡ ಜನ ಇವರು. ಐಪಿಎಲ್ ಟ್ರೇಡಿನ ನಿಯಮ ಅದಕ್ಕಿಂತ ಸರಳ. ಒಂದು ತಂಡ ಇನ್ನೊಂದಕ್ಕೆ ದುಡ್ಡು ಕೊಟ್ಟು ಆಟಗಾರನನ್ನು ಪಡೆಯಬಹುದು, ಇಲ್ಲವೇ ಆಟಗಾರನಿಗೆ ಬದಲು ಆಟಗಾರನನ್ನು ಕೊಡಬಹುದು. ಆಟಗಾರನ ಒಪ್ಪಿಗೆ ಬೇಕು. ಅಭಿಮಾನಿಯ ಒಪ್ಪಿಗೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳದೆಯೇ ಅವನು ಕೊಡುತ್ತಾನೆ, ಇಲ್ಲವೇ ನಿರಾಕರಿಸುತ್ತಾನೆ.

ಹೋಟೆಲಿನಲ್ಲಿ ನಡೆಯುವ ಈ ವಿಮರ್ಶೆಯನ್ನು ಕಾಡುಹರಟೆ ಎಂದು ತಳ್ಳಿಹಾಕುವುದು ಸುಲಭ. ಹದಿನೆಂಟು ಸೀಸನ್‌ಗಳ ದಾಖಲೆಯನ್ನು ಮುಂದಿಟ್ಟುಕೊಂಡು ತಾಳೆ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ತಂಡ ಯಾರನ್ನು ಬಿಟ್ಟು ಕೆಟ್ಟಿತು ಎಂಬ ವಿಷಯದಲ್ಲಿ ಅಭಿಮಾನಿಗಳ ತೀರ್ಪು ಬಹುಪಾಲು ಸರಿ. ಯಾರನ್ನು ಕೊಳ್ಳಬೇಕು ಎಂಬ ವಿಷಯದಲ್ಲಿ ಬಹುಪಾಲು ತಪ್ಪು.

ಬಿಟ್ಟವರ ಪಟ್ಟಿಯನ್ನೇ ಮೊದಲು ನೋಡಬಹುದು. ಯಜುವೇಂದ್ರ ಚಾಹಲ್ ಆರ್‌ಸಿಬಿ ಪರ ಅತಿ ಹೆಚ್ಚು ವಿಕೆಟ್ ಕಿತ್ತ ಬೌಲರ್. 2022ಕ್ಕೆ ಮುನ್ನ ತಂಡ ಕೊಹ್ಲಿ, ಮ್ಯಾಕ್ಸ್‌ವೆಲ್, ಸಿರಾಜ್ ಮೂವರನ್ನು ಉಳಿಸಿಕೊಂಡು ಅವರನ್ನು ಬಿಟ್ಟಿತು. ರಾಜಸ್ಥಾನ 6.5 ಕೋಟಿಗೆ ಕೊಂಡಿತು. ಆ ವರ್ಷ 27 ವಿಕೆಟ್, ಪರ್ಪಲ್ ಕ್ಯಾಪ್. ಆರ್‌ಸಿಬಿಯನ್ನು ಕ್ವಾಲಿಫೈಯರ್‌ನಲ್ಲಿ ಮನೆಗೆ ಕಳಿಸಿದ್ದೂ ಅದೇ ರಾಜಸ್ಥಾನ. ಹರ್ಷಲ್ ಪಟೇಲ್ ಕಥೆ ಇನ್ನೂ ವಿಚಿತ್ರ. ಡೆಲ್ಲಿಯಿಂದ ಟ್ರೇಡ್ ಮಾಡಿ ತಂದದ್ದು ಆರ್‌ಸಿಬಿಯ ಅಪರೂಪದ ಜಾಣ ವ್ಯಾಪಾರ. 2021ರಲ್ಲಿ ಅವರು 32 ವಿಕೆಟ್ ಪಡೆದರು. 2023ರ ನವೆಂಬರಿನಲ್ಲಿ ಅವರನ್ನೂ ಕೈಬಿಟ್ಟರು. ಪಂಜಾಬಿಗೆ ಹೋದ ವರ್ಷವೇ ಮತ್ತೆ ಪರ್ಪಲ್ ಕ್ಯಾಪ್. ಇನ್ನು ಶೇನ್ ವಾಟ್ಸನ್. ಬೆಂಗಳೂರಿನ ಎರಡು ಸೀಸನ್ ಮುಗಿಸಿ ಚೆನ್ನೈ ಸೇರಿದ ಅವರು 2018ರ ಫೈನಲ್‌ನಲ್ಲಿ ಅಜೇಯ 117 ಹೊಡೆದರು. “ನಮ್ಮಲ್ಲಿ ಮಲಗಿದ್ದೋರು ಅಲ್ಲೋಗಿ ಎದ್ದು ಕುಣೀತಾರೆ” ಎಂಬ ಮಂಡ್ಯದ ವ್ಯಂಗ್ಯಕ್ಕೆ ಇಷ್ಟೊಂದು ಆಧಾರ ಇದೆ.

ಕನ್ನಡಿಗ ಆಟಗಾರರ ವಿಷಯಕ್ಕೆ ಬಂದರೆ ವ್ಯಂಗ್ಯ ನೋವಾಗುತ್ತದೆ. ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ದೇಶದ ಅತಿ ಬಲಿಷ್ಠ ರಾಜ್ಯ ತಂಡ ಆರ್‌ಸಿಬಿಯ ಹಿತ್ತಲಿನಲ್ಲೇ ಇತ್ತು. ಆ ಹೊತ್ತಿಗೆ ಆರ್‌ಸಿಬಿ ಯುವರಾಜ್ ಸಿಂಗ್‌ಗೆ 14 ಕೋಟಿ ಸುರಿದಿತ್ತು. 2014ರಲ್ಲಿ ತಂಡ ಏಳನೆಯ ಸ್ಥಾನದಲ್ಲಿ ನಿಂತಿತು. ಆ ವರ್ಷದ ಫೈನಲ್ ನಡೆದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕೋಲ್ಕತ್ತಕ್ಕೆ ಕಪ್ ಗೆದ್ದುಕೊಟ್ಟದ್ದು 94 ರನ್ ಹೊಡೆದ ಮನೀಶ್ ಪಾಂಡೆ, ಸೀಸನ್ನಿನ ಆರೆಂಜ್ ಕ್ಯಾಪ್ ರಾಬಿನ್ ಉತ್ತಪ್ಪನದು. ಇಬ್ಬರೂ ಹಿಂದೆ ಆರ್‌ಸಿಬಿಯಲ್ಲಿದ್ದವರೇ. ತಮ್ಮ ಊರಿನ ಮೈದಾನದಲ್ಲಿ ತಮ್ಮ ಹುಡುಗರು ಬೇರೆಯವರಿಗೆ ಕಪ್ ಎತ್ತಿಕೊಟ್ಟದ್ದನ್ನು ಟಿವಿಯಲ್ಲಿ ನೋಡಿದವರಿಗೆ ಸಮಾಧಾನ ಹೇಳುವುದು ಕಷ್ಟ.

ಕೆ.ಎಲ್. ರಾಹುಲ್ ವಿಷಯದಲ್ಲಂತೂ ಗಾಯ ಆರಿಯೇ ಇಲ್ಲ. 2018ಕ್ಕೆ ಮುನ್ನ ತಂಡ ಕೊಹ್ಲಿ, ಡಿವಿಲಿಯರ್ಸ್ ಜೊತೆಗೆ ಉಳಿಸಿಕೊಂಡದ್ದು ಸರ್ಫರಾಜ್ ಖಾನರನ್ನು. ರಾಹುಲ್ 11 ಕೋಟಿಗೆ ಪಂಜಾಬಿಗೆ ಹೋದರು. 2020ರ ಸೆಪ್ಟೆಂಬರಿನಲ್ಲಿ ಆರ್‌ಸಿಬಿ ವಿರುದ್ಧವೇ ಅಜೇಯ 132. 2025ರ ಏಪ್ರಿಲ್ 10ರಂದು ಡೆಲ್ಲಿ ಪರ ಚಿನ್ನಸ್ವಾಮಿಯಲ್ಲಿ 53 ಎಸೆತಕ್ಕೆ ಅಜೇಯ 93. ಗೆದ್ದ ಮೇಲೆ ಬ್ಯಾಟಿನಿಂದ ನೆಲದಲ್ಲಿ ವೃತ್ತ ಎಳೆದು, ಬ್ಯಾಟನ್ನು ನಡುವೆ ಊರಿದರು. ಕಾಂತಾರ ಸಿನಿಮಾ ನೋಡಿದ ಯಾರಿಗೂ ಅದರ ಅರ್ಥ ಕೇಳಬೇಕಾಗಿ ಬರಲಿಲ್ಲ. ಸೋತದ್ದು ತಮ್ಮ ತಂಡವೇ ಆದರೂ ಆ ರಾತ್ರಿ ಅನೇಕರು ಒಳಗೊಳಗೇ ಖುಷಿಪಟ್ಟರು ಎಂದರೆ ತಪ್ಪಾಗಲಾರದು.

ಇಂಥ ಕೊರಗು ಬೆಂಗಳೂರಿಗಷ್ಟೇ ಸೇರಿದ್ದಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ 1919ರ ಕೊನೆಗೆ ಬೇಬ್ ರೂತ್‌ರನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. 1918ರಲ್ಲಿ ಗೆದ್ದಿದ್ದ ವರ್ಲ್ಡ್ ಸೀರೀಸ್ ಮತ್ತೆ ಕೈಗೆ ಸಿಕ್ಕಿದ್ದು 2004ರಲ್ಲಿ. ಅಷ್ಟೂ ವರ್ಷ ಅಲ್ಲಿನ ಜನ ಆ ಒಂದು ಮಾರಾಟವನ್ನು ಶಾಪವೆಂದೇ ಬೈದುಕೊಂಡು ಬಂದರು.

ಇಷ್ಟಾದರೂ, ಒಂದು ಮಾತು ಹೇಳಲೇಬೇಕು. ಬಿಟ್ಟವರನ್ನು ನೆನಪಿಡುವ ಅಭಿಮಾನಿ ಕೊಳ್ಳುವಾಗ ಎಲ್ಲ ಮರೆತು ದೊಡ್ಡ ಹೆಸರಿಗೆ ಬೀಳುತ್ತಾನೆ. 2023ರ ನವೆಂಬರಿನಲ್ಲಿ ಮುಂಬೈಯಿಂದ ಕ್ಯಾಮರಾನ್ ಗ್ರೀನ್‌ರನ್ನು 17.5 ಕೋಟಿಗೆ ಟ್ರೇಡ್ ಮಾಡಿಕೊಂಡಾಗ ಸಂಭ್ರಮವೋ ಸಂಭ್ರಮ. ಆ ದುಡ್ಡಿನ ಬಲದಿಂದ ಮುಂಬೈ ಹಾರ್ದಿಕ್ ಪಾಂಡ್ಯರನ್ನು ಗುಜರಾತಿನಿಂದ ಕರೆಸಿಕೊಂಡಿತು. ಗ್ರೀನ್ ಕೆಟ್ಟ ಆಟಗಾರರೇನಲ್ಲ. ಆದರೆ ಆ ಒಂದೇ ತಿಂಗಳಲ್ಲಿ ತಂಡ ಹರ್ಷಲ್, ಹಸರಂಗ, ಹೇಜಲ್‌ವುಡ್ ಮೂವರನ್ನೂ ಬಿಟ್ಟಿತ್ತು. ಬೌಲಿಂಗ್ ಖಾಲಿ ಮಾಡಿ ಬ್ಯಾಟಿಂಗಿಗೆ ಇನ್ನೊಂದು ಅಲಂಕಾರ ತಂದಂತಾಯಿತು. ಹರಾಜಿನಲ್ಲಿ ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ ಕೊಟ್ಟು ಆಡಿಸಿದ್ದು ಮೂರು ಪಂದ್ಯ. 2024ರ ಏಪ್ರಿಲ್ 15ರಂದು ಹೈದರಾಬಾದ್ ಚಿನ್ನಸ್ವಾಮಿಯಲ್ಲಿ 3 ವಿಕೆಟ್‌ಗೆ 287 ಹೊಡೆಯಿತು. ಆರ್‌ಸಿಬಿ 262 ಹೊಡೆದೂ ಸೋತಿತು. ಎಂಟು ಪಂದ್ಯದಲ್ಲಿ ಏಳು ಸೋಲು.

ಅದೇ ಹರಾಜಿನಲ್ಲಿ ಅತಿ ಹೆಚ್ಚು ಗೇಲಿಗೆ ಸಿಕ್ಕಿದ್ದು ಯಶ್ ದಯಾಳ್‌ಗೆ ಕೊಟ್ಟ 5 ಕೋಟಿ. ಹಿಂದಿನ ವರ್ಷ ಗುಜರಾತ್ ಪರ ಕೊನೆಯ ಓವರಿನಲ್ಲಿ ರಿಂಕು ಸಿಂಗ್‌ನಿಂದ ಸತತ ಐದು ಸಿಕ್ಸರ್ ತಿಂದಿದ್ದ ಹುಡುಗ. ಇನ್ನೊಬ್ಬರು ಎಸೆದದ್ದನ್ನು ಹೆಕ್ಕಿ ತಂದಿದ್ದಾರೆ ಎಂಬ ಧಾಟಿಯ ಮಾತು ಎಲ್ಲೆಡೆ ಇತ್ತು. ಮೇ 18ರ ರಾತ್ರಿ ಚೆನ್ನೈ ವಿರುದ್ಧ ಆ ಮಾತಿಗೆ ಉತ್ತರ ಸಿಕ್ಕಿತು. ಆರ್‌ಸಿಬಿ 218, ಪ್ಲೇಆಫ್ ಸೇರಲು ಚೆನ್ನೈಗೆ ಗೆಲ್ಲಬೇಕೆಂದೂ ಇರಲಿಲ್ಲ, 201 ಸಾಕಿತ್ತು. ಕೊನೆಯ ಓವರಿಗೆ 17. ಕ್ರೀಸಿನಲ್ಲಿ ಧೋನಿ, ಎದುರು ತುದಿಯಲ್ಲಿ ಜಡೇಜ. ದಯಾಳ್‌ರ ಮೊದಲ ಎಸೆತವೇ ಚಾವಣಿ ದಾಟಿ ಹೋಯಿತು. ಹಿಂದಿನ ವರ್ಷದ್ದೇ ಮತ್ತೆ ಎಂದು ಟಿವಿ ಮುಂದೆ ತಲೆ ಮೇಲೆ ಕೈ ಹೊತ್ತವರು ಎಷ್ಟೋ ಜನ. ಎರಡನೆಯದಕ್ಕೆ ಧೋನಿ ಔಟ್. ನಿಧಾನದ ಎಸೆತಗಳು ಒಂದರ ಹಿಂದೊಂದು. ಶಾರ್ದೂಲ್‌ಗೆ ಒಂದೇ ರನ್, ಕೊನೆಯೆರಡಕ್ಕೆ ಜಡೇಜಗೆ ಬ್ಯಾಟೂ ತಾಕಲಿಲ್ಲ. ಓವರಿಗೆ ಏಳು. ಮಂಡ್ಯದ ಬೀದಿಯಲ್ಲಿ ಪಟಾಕಿ ಹೊಡೆದವರಲ್ಲಿ ಡಿಸೆಂಬರಿನಲ್ಲಿ ಆ 5 ಕೋಟಿಗೆ ನಕ್ಕವರೂ ಇದ್ದರು.

ಆರು ತಿಂಗಳ ಮೇಲೆ ಅದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. 2024ರ ನವೆಂಬರಿನ ಜೆಡ್ಡಾ ಹರಾಜಿನಲ್ಲಿ ರಾಹುಲ್ 14 ಕೋಟಿಗೆ ಡೆಲ್ಲಿ ಪಾಲಾದರು, ಸಿರಾಜ್ ಗುಜರಾತಿಗೆ ಹೋದರು. ವಿಲ್ ಜ್ಯಾಕ್ಸ್‌ರನ್ನು ಮುಂಬೈ ಕೊಂಡಾಗ ಆರ್‌ಸಿಬಿ ಅವರನ್ನು ಮರಳಿ ಪಡೆಯಲು ಕೈಯಲ್ಲಿದ್ದ ಹಕ್ಕನ್ನೂ ಬಳಸಲಿಲ್ಲ. ಮುಂಬೈ ತಂಡದ ಆಕಾಶ್ ಅಂಬಾನಿ ಎದ್ದು ಬಂದು ಆರ್‌ಸಿಬಿ ಮೇಜಿನವರ ಕೈಕುಲುಕಿದ ದೃಶ್ಯ ಇಲ್ಲಿನವರ ಹೊಟ್ಟೆ ಉರಿಸಿತು. ಬಂದವರಾರು? ಭುವನೇಶ್ವರ್ ಕುಮಾರ್, ಕೃಣಾಲ್ ಪಾಂಡ್ಯ, ಜಿತೇಶ್ ಶರ್ಮಾ, ಸುಯಶ್ ಶರ್ಮಾ, ಒಮ್ಮೆ ಬಿಟ್ಟು ಮತ್ತೆ 12.5 ಕೋಟಿ ತೆತ್ತು ಕರೆತಂದ ಹೇಜಲ್‌ವುಡ್. ಪೋಸ್ಟರಿಗೆ ಒದಗುವ ಮುಖಗಳು ಕಡಿಮೆ. ಬೈಗುಳ ಧಾರಾಳವಾಗಿ ಬಂತು.

ಆ ತಂಡ 2025ರಲ್ಲಿ ಲೀಗ್ ಹಂತದಲ್ಲಿ ಎದುರಾಳಿಗಳ ಮೈದಾನದ ಏಳೂ ಪಂದ್ಯ ಗೆದ್ದಿತು. ಹೇಜಲ್‌ವುಡ್ 12 ಪಂದ್ಯಕ್ಕೆ 22 ವಿಕೆಟ್. ಜೂನ್ 3ರಂದು ಅಹಮದಾಬಾದಿನಲ್ಲಿ 190 ರನ್ ಉಳಿಸಿಕೊಂಡು ಪಂಜಾಬನ್ನು 6 ರನ್ನಿನಿಂದ ಸೋಲಿಸಿತು. ಪಂದ್ಯಶ್ರೇಷ್ಠ ಕೃಣಾಲ್: ನಾಲ್ಕು ಓವರ್, 17 ರನ್, 2 ವಿಕೆಟ್. ಗೇಲ್ 175 ಹೊಡೆದ 2013ರಲ್ಲಾಗಲಿ, ಕೊಹ್ಲಿ 973 ರನ್ ಗುಡ್ಡೆ ಹಾಕಿದ 2016ರಲ್ಲಾಗಲಿ ಬಾರದ ಕಪ್ ಕೃಣಾಲ್‌ರ ಬಿಗಿ ಎಸೆತಗಳಿಗೆ ಒಲಿಯಿತು. ಬೌಲಿಂಗ್ ಇಲ್ಲದ ತಂಡಕ್ಕೆ ಬ್ಯಾಟಿಂಗ್ ಹೆಸರುಗಳನ್ನೇ ಕೇಳುತ್ತ ಬಂದ ಅಭಿಮಾನಿ ವರ್ಗ ಮಾಲೀಕರ ಚಪಲಕ್ಕೆ ನೀರೆರೆದಿತ್ತು ಎಂಬುದನ್ನು ಇಲ್ಲಿ ಒಪ್ಪಬೇಕಾಗುತ್ತದೆ.

ಕಬಡ್ಡಿಯಲ್ಲೂ ಇದೇ ಪಾಠ ಸಿಗುತ್ತದೆ, ಅದೂ ಇನ್ನೂ ಕಟುವಾಗಿ. ಹೊನಲು ಬೆಳಕಿನ ಪಂದ್ಯಾವಳಿಗಳ ಈ ಸೀಮೆಯಲ್ಲಿ ರೈಡರ್ ಕಾಲೆತ್ತುವ ರೀತಿ ನೋಡಿಯೇ ಬೆಲೆ ಕಟ್ಟುವವರಿದ್ದಾರೆ. ಬೆಂಗಳೂರು ಬುಲ್ಸ್ 2019ರ ಜನವರಿ 5ರಂದು ಪ್ರೊ ಕಬಡ್ಡಿ ಗೆದ್ದದ್ದು ಪವನ್ ಸೆಹ್ರಾವತ್ ಒಬ್ಬರೇ ತಂದ 22 ಅಂಕಗಳಿಂದ. 2022ರಲ್ಲಿ ಅವರು ಎರಡು ಕಾಲು ಕೋಟಿ ದಾಟಿ ತಮಿಳ್ ತಲೈವಾಸ್‌ಗೆ ಹೋದರು. ಆ ಕೊರತೆ ತುಂಬಲು 2024ರಲ್ಲಿ ಪ್ರದೀಪ್ ನರ್ವಾಲ್‌ರನ್ನು 70 ಲಕ್ಷಕ್ಕೆ ಮರಳಿ ತಂದರು. ಹೆಸರು ದೊಡ್ಡದು, ಕಾಲು ದಣಿದಿದ್ದವು. 22 ಪಂದ್ಯದಲ್ಲಿ ಎರಡೇ ಗೆಲುವು, ಕೊನೆಯ ಸ್ಥಾನ. ಆ ಸೀಸನ್ನಿನ ಒಂದು ಪಂದ್ಯವೂ ಬೆಂಗಳೂರಿನಲ್ಲಿ ನಡೆಯಲಿಲ್ಲ. ಹೈದರಾಬಾದ್, ನೋಯ್ಡಾ, ಪುಣೆ ಮೂರೇ ಊರು. ಬೈಯಬೇಕೆಂದರೂ ಎದುರಿಗೆ ಹೋಗಿ ಬೈಯಲು ಸಾಧ್ಯವಿರಲಿಲ್ಲ. ಮುಂದಿನ ವರ್ಷ ಕೋಚ್ ಆಗಿ ಬಂದ ಕನ್ನಡಿಗ ಬಿ.ಸಿ. ರಮೇಶ್ ಇರಾನಿನ ಹೊಸಬ ಅಲಿರೇಜಾ ಮಿರ್ಜಾಯಿಯಾನ್‌ರನ್ನು ಮುಂದಿಟ್ಟುಕೊಂಡು ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದರು.

ಹತಾಶೆ ಹೊಲಸಾಗುವ ಹಂತವೂ ಇದೆ. 2021ರ ಎಲಿಮಿನೇಟರ್‌ನಲ್ಲಿ ದುಬಾರಿ ಓವರ್ ಹಾಕಿದ ಡಾನ್ ಕ್ರಿಶ್ಚಿಯನ್ ಅವರ ಗರ್ಭಿಣಿ ಸಂಗಾತಿಯನ್ನೂ ಜಾಲತಾಣದಲ್ಲಿ ಬಿಡದೆ ಬೈದರು. ಇದಕ್ಕೆ ಅಭಿಮಾನದ ಹೆಸರು ಒಪ್ಪುವುದಿಲ್ಲ. ಹದಿನೆಂಟು ವರ್ಷ ಕಟ್ಟಿಕೊಂಡಿದ್ದ ಆಸೆಯನ್ನು ಸಂಭಾಳಿಸುವ ಸಿದ್ಧತೆ ತಂಡಕ್ಕಾಗಲಿ ಆಡಳಿತಕ್ಕಾಗಲಿ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಕಪ್ ಗೆದ್ದ ಮಾರನೆಯ ದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದಲ್ಲಿ ಸತ್ತ ಹನ್ನೊಂದು ಮಂದಿಯಲ್ಲಿ ಮಂಡ್ಯ ಜಿಲ್ಲೆಯ ಯುವಕನೊಬ್ಬನಿದ್ದ.

ಗೆದ್ದ ಮೇಲೆ ವ್ಯಾಪಾರದ ಮಾತು ನಿಂತಿತೆಂದುಕೊಂಡರೆ ಅದೂ ಇಲ್ಲ. 2025ರ ನವೆಂಬರಿನಲ್ಲಿ ಚಾಂಪಿಯನ್ ತಂಡ ಬಿಟ್ಟವರ ಹೊಸ ಪಟ್ಟಿ ಹೊರಡಿಸಿತು. 8.75 ಕೋಟಿಗೆ ಬಂದು ಹತ್ತು ಪಂದ್ಯದಲ್ಲಿ 112 ರನ್ ಹೊಡೆದಿದ್ದ ಲಿವಿಂಗ್‌ಸ್ಟನ್ ಹೋದದ್ದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಆದರೆ ಅದೇ ಪಟ್ಟಿಯಲ್ಲಿ ಮನೋಜ್ ಭಾಂಡಗೆ ಇದ್ದರು. ಗಾಯಗೊಂಡ ಪಡಿಕ್ಕಲ್ ಜಾಗಕ್ಕೆ ಬಂದು ಫೈನಲ್‌ನಲ್ಲಿ 24 ರನ್ ಕೊಟ್ಟ ಮಯಾಂಕ್ ಅಗರ್ವಾಲ್ ಕೂಡ ಇದ್ದರು. ಡಿಸೆಂಬರಿನ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ 7 ಕೋಟಿಗೆ ಸಿಕ್ಕಿದರು. ಹಿಂದಿನ ವರ್ಷ ಇದೇ ಆಟಗಾರನಿಗೆ ಆರ್‌ಸಿಬಿ 23.5 ಕೋಟಿಯವರೆಗೆ ಕೂಗಿ ಬಿಟ್ಟಿತ್ತು. ಉಳಿದದ್ದು ಲಾಭವೋ, ಇಬ್ಬರು ಕನ್ನಡಿಗರನ್ನು ಕಳಿಸಿದ್ದು ನಷ್ಟವೋ ಎಂಬ ಚರ್ಚೆ ಮಂಡ್ಯದಲ್ಲಿ ಅಂದೇ ಸಂಜೆ ಶುರುವಾಯಿತು.